ವ್ಯಾನೇ ಸಾಕು

ಮಾರ್ಚ್ ೩, ಸೋಮವಾರ

ಲಾಂಡ್ರಿ ಕೆಲಸ ಇವತ್ತಿಗೆ ಮುಗಿಯಿತು. ಹನ್ನೊಂದು ವರ್ಷ ಹೋಟೆಲುಗಳ ಹಾಸಿಗೆ ಹೊದಿಕೆ ತುಂಬಿಕೊಂಡು ವ್ಯಾನ್ ಓಡಿಸಿದ್ದಕ್ಕೆ ಮಾಲೀಕರು ಎರಡು ಹೊಸ ಟವೆಲು ಕೊಟ್ಟರು. ಬೀರುವಿನಲ್ಲಿ ಬಿದ್ದಿದ್ದ ಈ ಖಾಲಿ ಟ್ರಿಪ್ ಪುಸ್ತಕವನ್ನು ನಾನೇ ಕೇಳಿ ತಂದೆ. ಟವೆಲು ಆಗಲೇ ಅತ್ತೆಯ ಪೆಟ್ಟಿಗೆ ಸೇರಿವೆ. ಪುಸ್ತಕ ನನ್ನದು. ಬಾಯಿಬಿಟ್ಟು ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಇವರಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯಿತು. ಕೈಕಾಲು ಮೊದಲಿನ ಹಾಗೇ ಆಗಿವೆ. ಮಾತೂ ಸರಿಯಾಗಿದೆ, ಸ್ವಲ್ಪ ಜಾಸ್ತಿಯೇ ಸರಿಯಾಗಿದೆ. ಹೋಗಿರುವುದು ಎಡಗಡೆಯ ನೋಟ. ಎದುರಿಗಿದ್ದದ್ದು ಕಾಣುತ್ತದೆ, ಬಲಕ್ಕಿದ್ದದ್ದು ಕಾಣುತ್ತದೆ, ಎಡಕ್ಕಿದ್ದದ್ದು ಇವರ ಪಾಲಿಗೆ ಇಲ್ಲವೇ ಇಲ್ಲ. ಇಪ್ಪತ್ತಾರು ವರ್ಷ ಲಾರಿ ಓಡಿಸಿದವರನ್ನು ಕಂಪನಿಯವರು ಒಂದೇ ಸಲ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸಿದರು. ಆ ದುಡ್ಡಿನಲ್ಲಿ ಒಂದು ಗಾಡಿ ಬರುತ್ತದೆ. ಒಂದೇ.

ಅರ್ಜೆಂಟ್ ಲೋಡಿನ ಕೆಲಸ ಮಾಡೋಣ ಅಂತ ಇಬ್ಬರೂ ಒಪ್ಪಿದ್ದೇವೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು ನಿಂತಿರುತ್ತದೆ, ಬಿಡಿಭಾಗ ಇನ್ನೆಲ್ಲೋ ಇರುತ್ತದೆ. ಅದನ್ನು ಎತ್ತಿಕೊಂಡು ನಡುವೆ ಎಲ್ಲೂ ಇಳಿಸದೆ ನೇರವಾಗಿ ಮುಟ್ಟಿಸಬೇಕು. ನಾನು ವ್ಯಾನ್ ಅಂತೀನಿ. ಒಬ್ಬಳೇ ಓಡಿಸಬಹುದು, ಯಾವ ಗಲ್ಲಿಗೂ ನುಗ್ಗುತ್ತದೆ, ನನ್ನ ಲೈಸೆನ್ಸೂ ಸಾಕು. ಇವರು ಲಾರಿ ಅಂತಾರೆ. ಟ್ರೇಲರ್ ಎಳೆಯುವಂಥದ್ದಲ್ಲ, ಒಂದೇ ಮೈಯ ಮುಚ್ಚಿದ ಲಾರಿ, ಸೀಟಿನ ಹಿಂದೆ ಮಲಗುವ ಜಾಗ ಇರುವಂಥದ್ದು. ಒಬ್ಬರು ಓಡಿಸುತ್ತಿದ್ದರೆ ಇನ್ನೊಬ್ಬರು ಮಲಗೋದು. ಗಾಡಿ ನಿಲ್ಲೋದೇ ಇಲ್ಲ, ದೊಡ್ಡ ಲೋಡೆಲ್ಲ ಅಂಥವರಿಗೇ ಅಂತಾರೆ.

ಇನ್ನೊಬ್ಬರು ಯಾರು ಅಂತ ನಾನು ಕೇಳಲಿಲ್ಲ. ಮೇ ತಿಂಗಳಲ್ಲಿ ಕಣ್ಣಿನ ಪರೀಕ್ಷೆ ಇದೆ. ಅಷ್ಟೊತ್ತಿಗೆ ಎಲ್ಲ ಸರಿಹೋಗುತ್ತೆ ಅನ್ನುವುದು ಇವರ ಮಾತು.

ಮಾರ್ಚ್ ೫, ಬುಧವಾರ

ಊಟದ ಹೊತ್ತಿನಲ್ಲಿ ಒಂದು ಕಂಡೆ. ಇವರು ತಟ್ಟೆಯ ಬಲಗಡೆ ಪೂರ್ತಿ ಮುಗಿಸಿ, ಸಾಕು ಅನ್ನುವ ಹಾಗೆ ಕೈ ಹಿಂದೆ ತೆಗೆದರು. ಎಡಗಡೆಯದೆಲ್ಲ ಹಾಗೇ ಇತ್ತು. ಅತ್ತೆ ನೀರು ಬಡಿಸುವ ನೆಪದಲ್ಲಿ ಬಗ್ಗಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಇವರು ಮತ್ತೆ ಊಟ ಮುಂದುವರಿಸಿದರು.

ಎಷ್ಟು ದಿನದಿಂದ ಹೀಗೆ ತಿರುಗಿಸುತ್ತಿದ್ದಾರೋ. ಸೊಸೆ ಮಾಡಿದ್ದಕ್ಕೆಲ್ಲ ಮೂಗು ಮುರಿಯುವ ಹೆಂಗಸು, ಇದೊಂದರ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ.

ಮಾರ್ಚ್ ೯, ಭಾನುವಾರ

ಹಳೇ ಗಾಡಿ ಮಾರುವ ಅಂಗಳಕ್ಕೆ ಹೋಗಿದ್ದೆವು. ವ್ಯಾನ್ ಬಿಳಿ ಬಣ್ಣದ್ದು, ಒಳಗೆಲ್ಲ ಶುಭ್ರ. ಸೀಟಿನಲ್ಲಿ ಕೂತ ತಕ್ಷಣ ಮೈಗೆ ಒಗ್ಗಿತು. ಲಾರಿ ಆಚೆ ಗೋಡೆಯ ಪಕ್ಕ ನಿಂತಿತ್ತು, ಚಕ್ರ ಹಾಕಿಸಿಕೊಂಡ ಮನೆಯ ಹಾಗೆ. ಅದರ ಮುಂದೆ ನಿಂತರೆ ಬಂಪರ್ ನನ್ನ ಎದೆಮಟ್ಟಕ್ಕೆ ಬರುತ್ತದೆ.

ಇವರು ಮೆಟ್ಟಿಲು ಹತ್ತುವಾಗ ಎಡ ಭುಜ ಬಾಗಿಲಿಗೆ ಬಡಿಯಿತು. ಏನೂ ಆಗದವರಂತೆ ಹತ್ತಿ ಕೂತು ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟರು. ಮಾರುವವನು ಎಂಜಿನ್ನಿನ ಗುಣಗಾನ ಮಾಡುತ್ತಲೇ ಇದ್ದ. ಇವರ ಮುಖ ನೋಡಿದವನೇ ಮಾತು ಬಿಟ್ಟು ವ್ಯಾನಿನ ಕಡೆ ನಡೆದ.

ವ್ಯಾನಿನೊಳಗೆ ಟೇಪು ಹಿಡಿದು ಅಳೆದೆವು. ಸಾಮಾನು ಜೋಡಿಸುವ ಮರದ ಪ್ಯಾಲೆಟ್ ಎರಡು ಹಿಡಿಯುತ್ತದೆ. "ಮೂರನೇದನ್ನ ತೊಡೆ ಮೇಲೆ ಕೂರಿಸ್ಕೊಂಡು ಹೋಗ್ತೀಯಾ?" ಅಂತ ಇವರು ಕೇಳಿದರು. ನಗು ಬಂತು, ತಡೆದುಕೊಂಡೆ.

ಕೊನೆಗೆ ಒಂದು ಒಪ್ಪಂದವಾಯಿತು. ಈಗಲೇ ಏನೂ ಕೊಳ್ಳುವುದು ಬೇಡ. ಒಂದೆರಡು ತಿಂಗಳು ನಾನು ಬಾಡಿಗೆ ವ್ಯಾನಿನಲ್ಲಿ ಈ ಕೆಲಸ ಮಾಡಿ ನೋಡುವುದು. ಅದರ ಜೊತೆಗೇ ಹೆವಿ ಲೈಸೆನ್ಸಿಗೆ ಲಾರಿಯನ್ನೂ ಕಲಿಯುವುದು. ಎರಡನೆಯದು ಇವರ ಷರತ್ತು. ಆಗಲಿ ಅಂದೆ. ಕಲಿತ ಮೇಲೆ ಬೇಡ ಅಂದರೆ ಆ ಮಾತಿಗೆ ತೂಕ ಇರುತ್ತದೆ.

ಮಾರ್ಚ್ ೧೪, ಶುಕ್ರವಾರ

ಮೊದಲ ಲೋಡು. ಲೋಡು ಗೊತ್ತುಮಾಡಿಕೊಡುವ ಬುಕಿಂಗ್ ಆಫೀಸಿನಿಂದ ಫೋನ್ ಮಾಡುವ ಹೆಂಗಸನ್ನು ಎಲ್ಲರೂ ಗಡಿಯಾರ ಅಕ್ಕ ಅಂತಾರಂತೆ. ಯಾಕೆ ಅಂತ ಫೋನೆತ್ತಿದ ಕೂಡಲೇ ತಿಳಿಯಿತು. ಹಲೋ ಇಲ್ಲ, ನಮಸ್ಕಾರ ಇಲ್ಲ, "ಒಂಬತ್ತೂ ಹತ್ತು. ಹನ್ನೊಂದಕ್ಕೆ ಎತ್ತಬೇಕು, ಮೂರಕ್ಕೆ ಇಳಿಸಬೇಕು. ಆಗುತ್ತಾ?" ಅಷ್ಟೇ.

ಹಾಲು ತುಂಬುವ ಕಾರ್ಖಾನೆಗೆ ಒಂದು ಮೋಟಾರು. ಎರಡೂ ಮುಕ್ಕಾಲಿಗೆ ಗೇಟು ಮುಟ್ಟಿದೆ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದುಕೊಂಡೇ ಗೇಟಿನಲ್ಲಿ ಕಾಯುತ್ತಿದ್ದ. ಹನ್ನೊಂದು ವರ್ಷ ಬೆಡ್‌ಶೀಟು ಇಳಿಸಿದ್ದೇನೆ, ಒಬ್ಬರೂ ಹೀಗೆ ದಾರಿ ಕಾದಿರಲಿಲ್ಲ.

ವ್ಯಾನೇ ಸಾಕು. ಬೇರೆ ಯೋಚನೆಯೇ ಬೇಡ.

ಮಾರ್ಚ್ ೧೮, ಮಂಗಳವಾರ

ಲಾರಿಯ ಮೊದಲ ಪಾಠ. ಕಲಿಸುವವರು ನಿವೃತ್ತ ಬಸ್ ಡ್ರೈವರು, ನನ್ನ ಭುಜದಷ್ಟೇ ಎತ್ತರ. ಮಾತೆತ್ತಿದರೆ ಇಂಚು. "ಒಂದಿಂಚು ಎಡಕ್ಕೆ ತಗೊಳಮ್ಮ", "ಅರ್ಧ ಇಂಚು ಬಿಟ್ಕೊಡಮ್ಮ". ಇಂಚು ಮೇಷ್ಟ್ರು ಅಂತ ಹೆಸರಿಟ್ಟಿದ್ದೇನೆ, ನನ್ನ ಮಟ್ಟಿಗೆ.

ಕ್ಲಚ್ ಒತ್ತಿದ ಕಾಲು ನಡುಗಿ ನಡುಗಿ, ಇಳಿದ ಮೇಲೂ ಹತ್ತು ನಿಮಿಷ ನಡುಗುತ್ತಲೇ ಇತ್ತು. ಇದು ನನ್ನಿಂದಾಗುವ ಕೆಲಸವಲ್ಲ.

ಮಾರ್ಚ್ ೨೭, ಗುರುವಾರ

ಎರಡು ವಾರದಲ್ಲಿ ಆರು ಲೋಡು. ಉಳಿದ ಹೊತ್ತೆಲ್ಲ ಕಾಯುವುದೇ. ಇವತ್ತು ಒಂದು ಗೋದಾಮಿನ ಹೊರಗೆ ಮಟಮಟ ಮಧ್ಯಾಹ್ನ ವ್ಯಾನಿನೊಳಗೆ ಹಿಂಭಾಗದಲ್ಲಿ ಚಾಪೆ ಹಾಸಿ ಮಲಗಿದ್ದೆ. ಸೊಂಟ ಹಿಡಿದುಕೊಂಡಿತು.

ಗಡಿಯಾರ ಅಕ್ಕನ ಫೋನು. "ಹನ್ನೆರಡೂವರೆ. ನೀವು ನಿಂತಿರೋ ಗೋದಾಮಿಂದಲೇ ಮೂರು ಪ್ಯಾಲೆಟ್ ಇದೆ, ನಿಮ್ಮ ಗಾಡಿಲಿ ಹಿಡಿಯುತ್ತಾ?" ಇಲ್ಲ ಅಂದೆ. ಅರ್ಧ ಗಂಟೆಯಲ್ಲಿ ಒಂದು ಲಾರಿ ಬಂದು ನನ್ನ ಕಣ್ಣೆದುರಿಗೇ ಅದನ್ನು ತುಂಬಿಕೊಂಡು ಹೋಯಿತು. ಆ ಲಾರಿಯವನು ಸಾಮಾನು ಹತ್ತಿಸಿ ಇಳಿಸುವ ಕಟ್ಟೆಗೆ ರಿವರ್ಸ್ ಹಾಕುವಾಗ ಮೂರು ಸಲ ಹಿಂದೆ ಮುಂದೆ ಆಡಿದ. ಮುಂದಿನ ಚಕ್ರ ಇನ್ನೊಂದು ಚೂರು ಮೊದಲೇ ತಿರುಗಿಸಿದ್ದರೆ ಎರಡೇ ಸಲಕ್ಕೆ ಆಗುತ್ತಿತ್ತು. ಇಂಚು ಮೇಷ್ಟ್ರ ಪಾಠ ತಲೆಗೆ ಹತ್ತಿಬಿಟ್ಟಿದೆ, ಬೇಡ ಅಂದರೂ ಕಾಣಿಸುತ್ತದೆ.

ಏಪ್ರಿಲ್ ೧, ಮಂಗಳವಾರ

ಇವರು ಊಟದ ಮೇಜಿನ ಮೇಲೆ ನನಗೆ ರಿವರ್ಸ್ ಹೇಳಿಕೊಟ್ಟರು. ಬೆಂಕಿಪೊಟ್ಟಣ ಲಾರಿ, ಪುಸ್ತಕ ಕಟ್ಟೆ, ಲೋಟಗಳು ಬೇರೆ ಗಾಡಿಗಳು. ಎಷ್ಟು ದಿನವಾಗಿತ್ತು ಇವರನ್ನು ಹೀಗೆ ನೋಡಿ. ಬೆರಳು ತುದಿಯಲ್ಲಿ ಪೊಟ್ಟಣವನ್ನು ತಳ್ಳುತ್ತಾ, "ಕನ್ನಡಿ ನೋಡಿ ಓಡಿಸಬೇಡ, ಕನ್ನಡಿಯಲ್ಲಿ ನಿನ್ನ ಹಿಂದಿನ ಚಕ್ರ ನೋಡಿ ಓಡಿಸು" ಅಂದರು. ಮೇಷ್ಟ್ರು ಒಂದು ವಾರದಿಂದ ಹೇಳುತ್ತಿದ್ದದ್ದು ಆಗ ಅರ್ಥವಾಯಿತು.

ಹಾಗೇ ಕೈ ಬೀಸಿದಾಗ ಎಡಕ್ಕಿದ್ದ ಲೋಟ ನೆಲಕ್ಕೆ ಬಿದ್ದು ಚೂರಾಯಿತು. ಅತ್ತೆ ಪೊರಕೆ ತಂದು, "ಹಳೇದು ಬಿಡು, ಯಾವತ್ತೋ ಬಿರುಕು ಬಿಟ್ಟಿತ್ತು" ಅಂದರು. ಹೋದ ವಾರ ತಂದ ಲೋಟ ಅದು.

ಏಪ್ರಿಲ್ ೧೦, ಗುರುವಾರ

ಹೆವಿ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲು. ಎಲ್ಲ ಸರಿಯಾಗಿ ಮಾಡಿ ಕೊನೆಯಲ್ಲಿ ರಿವರ್ಸ್ ಹಾಕುವಾಗ ಗುರುತಿಗೆ ಇಟ್ಟಿದ್ದ ಒಂದು ಕೋನ್ ಚಕ್ರದಡಿ ಹೋಯಿತು. ಪರೀಕ್ಷಕರು ಇಳಿದು ಅದನ್ನು ಎತ್ತಿ ಹಿಡಿದು ತೋರಿಸಿದರು, ಸತ್ತ ಇಲಿಯನ್ನು ತೋರಿಸುವ ಹಾಗೆ.

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಪ್ರಯತ್ನ ಮಾಡಿದೆ, ಆಗಲಿಲ್ಲ, ವ್ಯಾನ್ ತಗೊಳ್ಳೋಣ ಅಂದರೆ ಇವರೂ ಏನೂ ಅನ್ನುವ ಹಾಗಿರಲಿಲ್ಲ. ಆದರೆ ಗಾಡಿಯಿಂದ ಇಳಿದವಳೇ ನೇರ ಕೌಂಟರಿಗೆ ಹೋಗಿ ಇನ್ನೊಂದು ದಿನ ಗೊತ್ತು ಮಾಡಿಸಿಕೊಂಡು ಬಂದೆ. ಇಷ್ಟು ದಿನ ಕಲಿತದ್ದು ಹಾಳಾಗಬಾರದು ಅಂತ, ಅಷ್ಟೇ. ದಿನಾ ಬೆಳಿಗ್ಗೆ ಒಂದು ಗಂಟೆ ಹೆಚ್ಚಿಗೆ ಬಾ ಅಂತ ಮೇಷ್ಟ್ರು ಹೇಳಿದ್ದಾರೆ. ಎರಡು ಗಂಟೆ ಬರ್ತೀನಿ ಅಂದೆ.

ಏಪ್ರಿಲ್ ೧೭, ಗುರುವಾರ

ಪಾಠ ಮುಗಿಸಿ ಮನೆಗೆ ಬಂದರೆ ವ್ಯಾನಿನ ಎಡ ಕನ್ನಡಿ ಒಡೆದಿದೆ. "ಗಾಡಿಯನ್ನು ನೆರಳಿಗೆ ಹಾಕೋಣ ಅಂತ ತೆಗೆದೆ, ಗೇಟಿಗೆ ತಾಗಿತು" ಅಂತ ಇವರು ಹೇಳಿದರು. ಗೇಟಿನಲ್ಲಿ ಗೀರು ಎಲ್ಲೂ ಇಲ್ಲ. ಅತ್ತೆ ಒಳಗಿನಿಂದ ಹೊರಗೇ ಬರಲಿಲ್ಲ.

ಏಪ್ರಿಲ್ ೧೯, ಶನಿವಾರ

ಶಾಲೆಯ ಮುಂದೆ "ನಿಲ್ಲಿ" ಅನ್ನುವ ಹಲಗೆ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ತರಕಾರಿ ಅಂಗಡಿಯಲ್ಲಿ ಸಿಕ್ಕಳು. ವ್ಯಾನಿನ ಗುರುತು ಹಿಡಿದು ನನ್ನನ್ನು ಪಕ್ಕಕ್ಕೆ ಕರೆದಳು. ಬೈಯಲಿಲ್ಲ. ಗುರುವಾರ ಬೆಳಿಗ್ಗೆ ಅವಳು ರಸ್ತೆಯ ಎಡಬದಿಯಿಂದ ಹಲಗೆ ಎತ್ತಿ ಇಳಿದಿದ್ದಾಳೆ. ವ್ಯಾನ್ ನಿಲ್ಲಲೇ ಇಲ್ಲ. ಕನ್ನಡಿ ಹಲಗೆಗೆ ಬಡಿದು ಅವಳ ಕೈಯಿಂದ ಅದು ಹಾರಿಹೋಯಿತು. ಮಕ್ಕಳು ಇನ್ನೂ ಫುಟ್‌ಪಾತ್ ಮೇಲೇ ಇದ್ದರು, ಅವಳ ಹಿಂದೆ. ಅವಳ ಮಣಿಕಟ್ಟು ಇನ್ನೂ ಊದಿತ್ತು.

"ಅವರು ನನ್ನ ಕಡೆ ನೋಡಲೇ ಇಲ್ಲ ಕಣಮ್ಮ" ಅಂದಳು.

ಕ್ಷಮೆ ಕೇಳಿದೆ. ಇನ್ನೊಂದು ಸಲ ಆಗುವುದಿಲ್ಲ ಅಂತ ಮಾತು ಕೊಟ್ಟೆ. ತರಕಾರಿ ಅಲ್ಲೇ ಬಿಟ್ಟು ಬಂದಿದ್ದೇನೆ, ಈಗ ನೆನಪಾಯಿತು.

ಏಪ್ರಿಲ್ ೨೦, ಭಾನುವಾರ

ಹೇಳಿದೆ. ಅತ್ತೆ ಸ್ನಾನಕ್ಕೆ ಹೋದಾಗ, ಅಡುಗೆಮನೆಯಲ್ಲಿ, ಬಾಗಿಲು ಮುಂದೆ ಮಾಡಿ.

ಅವಳು ಇದ್ದಕ್ಕಿದ್ದಂತೆ ಅಡ್ಡ ಬಂದಳು ಅಂದರು ಇವರು.

"ಅಡ್ಡ ಬರಲಿಲ್ಲ ರೀ. ಅಲ್ಲಿ ನಿಲ್ಲೋದೇ ಅವಳ ಕೆಲಸ. ನಿಮಗೆ ಅವಳು ಕಾಣಲಿಲ್ಲ."

ಕಣ್ಣಿನ ಪರೀಕ್ಷೆ ಆಗಲಿ, ಡಾಕ್ಟರು ಹೇಳಲಿ ಅಂದರು ಇವರು. ಹೇಳೋವರೆಗೆ ಸ್ಟೀರಿಂಗ್ ಮುಟ್ಟಬಾರದು ಅಂದೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರಿಗೆ ನಾನು "ಬಾರದು" ಅಂದದ್ದು ಇದೇ ಮೊದಲಿರಬೇಕು. ದನಿ ಗಟ್ಟಿಯಾಗಿಯೇ ಬಂತು.

ವ್ಯಾನಿನ ಕೀಲಿ ಎಲ್ಲಿ ಬಚ್ಚಿಡಲಿ ಅಂತ ಯೋಚಿಸುತ್ತಿದ್ದೆ. ಸಂಜೆ ನೋಡಿದರೆ ಇವರೇ ಅದನ್ನು ತಂದು ನನ್ನ ಕೈಚೀಲದೊಳಗೆ ಹಾಕಿದ್ದರು.

ಏಪ್ರಿಲ್ ೨೩, ಬುಧವಾರ

ಮನೆಯಲ್ಲಿ ಮಾತಿಲ್ಲ. ಮೂರು ದಿನವಾಯಿತು.

ಬೆಳಿಗ್ಗೆ ಒಂಬತ್ತು ಸಲ ರಿವರ್ಸ್ ಹಾಕಿದೆ. ಎಂಟು ಸರಿ.

ಮೇ ೨, ಶುಕ್ರವಾರ

ಪಾಸು. ಕೋನುಗಳೆಲ್ಲ ನಿಂತಲ್ಲೇ ನಿಂತಿದ್ದವು.

ಇಂಚು ಮೇಷ್ಟ್ರು ಕೈಮುಗಿದು, "ನಿಮ್ಮ ಕಾಲು ನಡುಗೋದು ನಿಂತು ಒಂದು ತಿಂಗಳಾಯ್ತು, ಗೊತ್ತಾ?" ಅಂದರು. ನನಗೆ ಗೊತ್ತೇ ಇರಲಿಲ್ಲ. ಇವರಿಗೆ ಹೇಳಿದಾಗ ಕಾಗದ ಇಸಿದುಕೊಂಡು ಎರಡು ಸಲ ಓದಿದರು. ಎಡಕ್ಕೆ ಕುತ್ತಿಗೆ ಪೂರ್ತಿ ತಿರುಗಿಸಿ ಓದುತ್ತಾರೆ ಈಗ, ಸಾಲಿನ ಆರಂಭ ಸಿಗಲಿ ಅಂತ. "ಒಳ್ಳೇದಾಯ್ತು" ಅಂದರು. ಅಷ್ಟು ದಿನದ ಮೇಲೆ ಬಂದ ಮಾತು.

ಆದರೂ ವ್ಯಾನೇ ಸಾಕು. ಲೈಸೆನ್ಸ್ ಇದ್ದರೆ ಇರಲಿ.

ಮೇ ೬, ಮಂಗಳವಾರ

ಬೆಳಿಗ್ಗೆ ಗಡಿಯಾರ ಅಕ್ಕ. "ಏಳೂ ಐದು. ಒಂದು ಲಾರಿ ಇದೆ, ಓಡಿಸೋರಿಗೆ ಜ್ವರ. ಕಿಡ್ನಿ ರೋಗಿಗಳ ರಕ್ತ ಶುದ್ಧಿ ಮಾಡೋ ಫಿಲ್ಟರುಗಳು, ಐದು ಪ್ಯಾಲೆಟ್. ಆಸ್ಪತ್ರೆಯಲ್ಲಿ ನಾಳೆಗೆ ಇಲ್ಲ. ನಿಮಗೆ ಲೈಸೆನ್ಸ್ ಬಂದಿದೆಯಲ್ವಾ?" ಯಾರು ಹೇಳಿದರೋ. ಮೇಷ್ಟ್ರೇ ಇರಬೇಕು.

ಇವತ್ತೊಂದು ದಿನಕ್ಕೆ ಅಂತ ಹೋದೆ. ಬೇರೆಯವರ ಲಾರಿ, ಒಬ್ಬಳೇ, ನಾಲ್ಕು ಗಂಟೆ ದಾರಿ. ಮೊದಲ ಅರ್ಧ ಗಂಟೆ ಸ್ಟೀರಿಂಗನ್ನು ಹಗ್ಗದ ಹಾಗೆ ಬಿಗಿ ಹಿಡಿದಿದ್ದೆ. ಆಮೇಲೆ ಯಾವಾಗ ಸಡಿಲವಾಯಿತೋ. ಮೇಲೆ ಕೂತರೆ ಎಷ್ಟು ದೂರ ಕಾಣುತ್ತದೆ! ಕಾರುಗಳ ಚಾವಣಿ, ಗೋಡೆಯಾಚೆಯ ಅಂಗಳಗಳು, ಒಣಹಾಕಿದ ಬಟ್ಟೆಗಳು, ಮುಂದಿನ ಮುಂದಿನ ಸಿಗ್ನಲ್ಲು. ವ್ಯಾನಿನಲ್ಲಿ ಯಾವಾಗಲೂ ಯಾರದೋ ಬೆನ್ನು ನೋಡುತ್ತಾ ಹೋಗುತ್ತಿದ್ದೆ. ಇಲ್ಲಿ ಏರು ಬಂದರೆ ಗೇರು ಇಳಿಸಿ, ಅದು ಗುಡುಗುತ್ತಾ ಹತ್ತುವುದನ್ನು ಕಾಲಿನಲ್ಲೇ ಕೇಳಬಹುದು. ನಡುವೆ ಇಪ್ಪತ್ತು ನಿಮಿಷ ನಿಲ್ಲಿಸಿ ಸೀಟಿನ ಹಿಂದೆ ಹಾಸಿಗೆಯ ಮೇಲೆ ಕಾಲು ಚಾಚಿದೆ.

ಆಸ್ಪತ್ರೆಯ ಹಿಂದೆ ಕಟ್ಟೆಗೆ ಹಾಕಿದ್ದು ಎರಡೇ ಸಲಕ್ಕೆ. ಆದರೆ ಬಾಗಿಲು ತೆಗೆದರೆ ಒಂದು ಪ್ಯಾಲೆಟ್ ಒಂದು ಗೇಣು ಜಾರಿ ವಾಲಿಕೊಂಡಿತ್ತು. ಬೆಲ್ಟು ಬಿಗಿದದ್ದು ಸಾಲಲಿಲ್ಲ. ಪುಣ್ಯಕ್ಕೆ ಒಳಗಿನದಕ್ಕೆ ಏನೂ ಆಗಿರಲಿಲ್ಲ.

ವಾಪಸು ಕೊಟ್ಟು ಬರುವಾಗ ತಿರುಗಿ ತಿರುಗಿ ನೋಡಿದೆ. ನನ್ನ ಲಾರಿಗೆ ಸರಿಯಾಗಿ ಕಟ್ಟುವವರೊಬ್ಬರು ಬೇಕು.

ಮೇ ೧೩, ಮಂಗಳವಾರ

ಕಣ್ಣಿನ ಪರೀಕ್ಷೆ. ಒಂದು ದೊಡ್ಡ ಬಿಳೀ ಬೋಗುಣಿಯಂಥ ಯಂತ್ರ. ಅದರೊಳಗೆ ಮುಖ ಇಟ್ಟು ನೇರ ನೋಡುತ್ತಿರಬೇಕು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನನ್ನನ್ನು ಪಕ್ಕದ ಸ್ಟೂಲಿನಲ್ಲಿ ಕೂರಿಸಿದ್ದರು. ಪರದೆಯಲ್ಲಿ ನನಗೆ ಚುಕ್ಕಿಗಳು ಕಾಣುತ್ತಿದ್ದವು. ಬಲಕ್ಕೆ ಬೆಳಕು, ಇವರ ಹೆಬ್ಬೆರಳು ಟಕ್. ಬಲಕ್ಕೆ, ಟಕ್. ಎಡಕ್ಕೆ ಬೆಳಕು. ಹೆಬ್ಬೆರಳು ಕಾಯುತ್ತಾ ಸುಮ್ಮನಿರುತ್ತಿತ್ತು. ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಒತ್ತಿ, ಒತ್ತಿ ಅಂತ ನನ್ನ ಹೆಬ್ಬೆರಳು ಸೆರಗನ್ನು ಒತ್ತುತ್ತಿತ್ತು.

ಕಾಗದದಲ್ಲಿ ಎರಡು ವೃತ್ತ. ಎರಡರಲ್ಲೂ ಎಡಗಡೆ ಅರ್ಧ ಪೂರ್ತಿ ಕಪ್ಪು. ಕಣ್ಣಿಗೆ ಆಪರೇಷನ್ ಏನಾದರೂ ಇದೆಯೇ ಅಂತ ಇವರು ಕೇಳಿದರು. ಡಾಕ್ಟರಮ್ಮ ಮೆತ್ತಗೆ ಹೇಳಿದರು: ಕಣ್ಣು ಎರಡೂ ಚೆನ್ನಾಗಿವೆ, ಹೋಗಿರುವುದು ಮೆದುಳಿನಲ್ಲಿ ನೋಡುವ ಜಾಗ. ಬರುವುದಿದ್ದರೆ ಈ ಆರು ತಿಂಗಳಲ್ಲಿ ಬರಬೇಕಿತ್ತು. ಗಾಡಿ ಓಡಿಸುವುದು ಇನ್ನು ಆಗುವುದಿಲ್ಲ, ಯಾವ ಗಾಡಿಯೂ.

ಇವರು ಥ್ಯಾಂಕ್ಸ್ ಹೇಳಿ, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ಬಸ್ಸಿನಲ್ಲಿ ಇವರ ಎಡಕ್ಕೆ ಕೂತಿದ್ದೆ. ಆಮೇಲೆ ಹೊಳೆದು ಎದ್ದು ಬಲಕ್ಕೆ ಬಂದು ಕೂತೆ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇವರು ಹೇಳಿದರು, "ವ್ಯಾನ್ ತಗೋ. ನಾಳೆನೇ ಹೋಗಿ ತಗೋ."

ಮೇ ೧೪, ಬುಧವಾರ

ಎರಡು ತಿಂಗಳಿಂದ ಯಾವುದಕ್ಕೆ ಹಟ ಹಿಡಿದಿದ್ದೆನೋ ಅದಕ್ಕೆ ಇವರು ಒಪ್ಪಿದ್ದಾರೆ. ವ್ಯಾನಿಗೆ ಖರ್ಚು ಕಡಿಮೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಬ್ಬಳಿಗೇ ಸಾಕು. ಟೈರು ನಾನೇ ಬದಲಾಯಿಸಬಲ್ಲೆ. ಎಲ್ಲ ನಿಜ.

ಅಂಗಳದವನಿಗೆ ಫೋನ್ ಮಾಡಿದೆ. ವ್ಯಾನ್ ಇನ್ನೂ ಇದೆ ಅಂದ. ಲಾರಿ ಇದೆಯಾ ಅಂತ ಕೇಳಿದೆ. ಅದೂ ಇದೆಯಂತೆ, ಯಾರೋ ಇಬ್ಬರು ನೋಡಿ ಹೋಗಿದ್ದಾರಂತೆ. ಸುಮ್ಮನೆ ಕೇಳಿದ್ದು. ಆದರೆ ಯಾರೋ ನೋಡಿ ಹೋಗಿದ್ದಾರೆ ಅಂದಾಗ ಯಾಕೆ ಹಾಗೆ ಸಿಟ್ಟು ಬಂತೋ.

ವ್ಯಾನಿಗೆ ಮುಂಗಡ ಕೊಡಲಿಲ್ಲ. ನಾಳೆ ನೋಡೋಣ.

ಮೇ ೧೬, ಶುಕ್ರವಾರ

ಬೆಳಿಗ್ಗೆ ಕಾಫಿ ಹೊತ್ತಿಗೆ ಹೇಳಿಯೇಬಿಟ್ಟೆ, ಲಾರಿ ತಗೊಳ್ಳೋಣ ಅಂತ.

ಇವರು ಲೋಟ ಕೆಳಗಿಟ್ಟರು. "ನನ್ನ ಮೇಲಿನ ಕನಿಕರಕ್ಕೆ ತಗೋಬೇಡ" ಅಂದರು. ಮುಖ ಕಲ್ಲಿನ ಹಾಗಾಗಿತ್ತು.

"ನಿಮಗೋಸ್ಕರ ಅಲ್ಲ."

"ಮತ್ತೆ ಯಾರಿಗೋಸ್ಕರ?"

"ನನಗೆ ಬೇಕು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರ ಕೈ ತಪ್ಪಿದ್ದನ್ನು ನನಗೆ ಬೇಕು ಅನ್ನುವುದು ಎಂಥ ಮಾತು. ಅತ್ತೆ ಒಲೆಯ ಮುಂದೆ ಸೌಟು ಹಿಡಿದು ಹಾಗೇ ನಿಂತುಬಿಟ್ಟಿದ್ದರು.

ಇವರು ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಪ್ರಶ್ನೆ ಶುರು ಮಾಡಿದರು, ಥೇಟು ಪರೀಕ್ಷಕರ ಹಾಗೆ. ಆ ಲಾರಿಯ ಎತ್ತರ ಎಷ್ಟು, ಊರಾಚೆಯ ಸೇತುವೆ ಕೆಳಗೆ ಹೋಗುತ್ತಾ? ಇಳಿಜಾರಿನಲ್ಲಿ ಲೋಡಿದ್ದರೆ ಯಾವ ಗೇರು? ಬ್ರೇಕಿನ ಗಾಳಿ ಇಳಿಯುತ್ತಾ ಬಂದರೆ ಏನು ಮಾಡ್ತೀಯ? ಒಂದೊಂದಕ್ಕೂ ಉತ್ತರ ಕೊಟ್ಟೆ. ಒಬ್ಬಳೇ ಡ್ರೈವರ್ ಇದ್ದರೆ ನಿಲ್ಲದೆ ಓಡುವ ಲೋಡು ಸಿಗುವುದಿಲ್ಲವಲ್ಲ ಅಂದರು. ಬೇಡ, ಒಂದೇ ದಿನದಲ್ಲಿ ಮುಟ್ಟುವ ದೊಡ್ಡ ಲೋಡುಗಳೇ ಬೇಕಾದಷ್ಟಿವೆ, ಗಡಿಯಾರ ಅಕ್ಕನನ್ನು ಕೇಳಿದ್ದೇನೆ ಅಂದೆ. ಯಾವಾಗ ಕೇಳಿದೆ ಅಂದರು. ಏಪ್ರಿಲ್‌ನಲ್ಲಿ ಅಂದೆ. ಹೇಳುವಾಗ ನನಗೇ ಆಶ್ಚರ್ಯವಾಯಿತು.

ಆಮೇಲೆ ಪ್ಯಾಲೆಟ್ ಜಾರಿದ್ದನ್ನು ಹೇಳಿದೆ, ಇಷ್ಟು ದಿನ ಮುಚ್ಚಿಟ್ಟದ್ದನ್ನು. ಹೇಗೆ ಕಟ್ಟಿದ್ದೆ ಅಂತ ಕೇಳಿದರು. ತೋರಿಸಿದೆ. ತಲೆ ಚಚ್ಚಿಕೊಂಡರು. "ಹಂಗೆ ಕಟ್ಟಿದ್ರೆ ಜಾರದೆ ಇನ್ನೇನಾಗುತ್ತೆ?"

"ಅದಕ್ಕೇ ನೀವು ಬರಬೇಕು. ಕಟ್ಟೋದು ನನಗೆ ಬರಲ್ಲ. ಕಾಗದಪತ್ರ, ಗೋದಾಮಿನವರ ಹತ್ತಿರ ಮಾತು, ಅದ್ಯಾವುದೂ ನನಗೆ ನಿಮ್ಮಷ್ಟು ಬರಲ್ಲ. ಬಂದರೆ ಇಬ್ಬರು, ಬರದಿದ್ದರೆ ನಾನೊಬ್ಬಳೇ ಹೋಗ್ತೀನಿ."

ಕೊನೆಯ ಮಾತು ಒರಟಾಯಿತೇನೋ. ಇವರು ಕಿಟಕಿ ಕಡೆ ತಿರುಗಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡದ ಹಾಗೆ ಇದ್ದೆ. ಆಮೇಲೆ, "ಸಂಬಳ ಎಷ್ಟು ಕೊಡ್ತೀಯ?" ಅಂದರು. ಅತ್ತೆ ಒಲೆ ಕಡೆ ತಿರುಗಿ, "ಮೊದಲು ಇಬ್ಬರೂ ತಿಂಡಿ ತಿನ್ನಿ" ಅಂದರು.

ಮೇ ೨೬, ಸೋಮವಾರ

ಲಾರಿ ಮನೆ ಮುಂದೆ ನಿಂತಿದೆ. ಅರ್ಧ ಬೀದಿ ಅದರದ್ದೇ.

ಅತ್ತೆ ಹತ್ತಿ ನೋಡ್ತೀನಿ ಅಂದರು. ಎಪ್ಪತ್ತೆಂಟು ವರ್ಷ. ನಾನು ಮೇಲಿನಿಂದ ಎಳೆದೆ, ಇವರು ಕೆಳಗಿನಿಂದ ಒತ್ತಿದರು. ಮಲಗುವ ಜಾಗದ ಹಾಸಿಗೆ ಒತ್ತಿ ನೋಡಿ ಗಟ್ಟಿ ಸಾಲದು ಅಂದರು. ಆಮೇಲೆ ಇಳಿಯುವುದಕ್ಕೆ ಒಪ್ಪಲಿಲ್ಲ. ಎದುರುಮನೆಯವರು ಬಂದು ನೋಡಿ ಹೋಗುವವರೆಗೂ ಅಲ್ಲೇ ಕೂತಿದ್ದರು. ಲಾಂಡ್ರಿಯ ಟವೆಲು ಎರಡನ್ನೂ ತಂದು ಸೀಟಿಗೆ ಹಾಸಿದ್ದಾರೆ.

ಜೂನ್ ೧೧, ಬುಧವಾರ

ಸ್ವಂತ ಲಾರಿಯ ಮೊದಲ ದೊಡ್ಡ ಲೋಡು. ಗಡಿಯಾರ ಅಕ್ಕ ಆರೂ ನಲವತ್ತಕ್ಕೆ ಕರೆದರು. ಮುದ್ರಣಾಲಯಕ್ಕೆ ಯಂತ್ರದ ಉರುಳೆಗಳು, ನಾಲ್ಕು ಪ್ಯಾಲೆಟ್. ಇವರು ಬೆಲ್ಟು ಬಿಗಿದ ಮೇಲೆ ನಾನು ಒಂದೊಂದನ್ನೂ ಒದ್ದು ನೋಡಿದೆ, ಅಲುಗಲಿಲ್ಲ. ದಾರಿಯುದ್ದಕ್ಕೂ ಗೇರಿನ ಬಗ್ಗೆ ಇವರು ಒಂದು ಮಾತೂ ಆಡಲಿಲ್ಲ. ಆಡಬೇಕೆನಿಸಿದಾಗಲೆಲ್ಲ ಕೆಮ್ಮುತ್ತಿದ್ದರು.

ಮುದ್ರಣಾಲಯದ ಅಂಗಳ ಇಕ್ಕಟ್ಟು. ಕಟ್ಟೆಯ ಪಕ್ಕದಲ್ಲಿ ಒಂದು ಕಾಂಕ್ರೀಟ್ ಕಂಬ. ಇವರು ಇಳಿದು ಹಿಂದೆ ಹೋಗಿ ನಿಂತು ಕೈ ಬೀಸಿದರು, "ಬಾ, ಬಾ." ಹಿಂದೆ ಬಂದೆ. ಕನ್ನಡಿಯಲ್ಲಿ ಕಂಬ ಹತ್ತಿರ ಹತ್ತಿರ ಬರುತ್ತಿತ್ತು. ಇವರು ಬಾ ಅನ್ನುತ್ತಲೇ ಇದ್ದರು. ನಿಲ್ಲಿಸಿದೆ. "ಬಾ ಅಂದ್ನಲ್ಲ, ಜಾಗ ಇದೆ" ಅಂತ ಕೂಗಿದರು. ಇಪ್ಪತ್ತಾರು ವರ್ಷದ ಅನುಭವದವರು ಹೇಳುತ್ತಿದ್ದಾರೆ, ನನಗೆ ಒಂದು ತಿಂಗಳ ಲೈಸೆನ್ಸು. ಆದರೂ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ ಇಳಿದು ಹೋದೆ.

ಲಾರಿಗೂ ಕಂಬಕ್ಕೂ ನಡುವೆ ಒಂದು ಅಂಗೈ ಜಾಗ. ನಾನು ಹೋಗಿ ಆ ಸಂದಿಯ ಪಕ್ಕ ನಿಂತೆ, ಅಷ್ಟೇ. ಇವರು ನನ್ನ ಮುಖ ನೋಡಿದರು, ಆಮೇಲೆ ಕುತ್ತಿಗೆ ಪೂರ್ತಿ ಎಡಕ್ಕೆ ತಿರುಗಿಸಿದರು. ಕಂಬ ಕಂಡಿತು. ಮುಖದ ಬಣ್ಣ ಇಳಿಯಿತು. ಕಟ್ಟೆಯ ಮೇಲೆ ಇಬ್ಬರು ಕೆಲಸದವರು ನೋಡುತ್ತಾ ನಿಂತಿದ್ದರು.

ನಾನು ವಾಪಸು ಹೋಗಿ ಸೀಟಿನಲ್ಲಿ ಕೂತೆ. ಲಾರಿ ಮುಂದೆ ತೆಗೆದು ನೇರ ಮಾಡಿಕೊಂಡೆ. ಇವರು ಬೇಡ ಅಂತ ಪಕ್ಕಕ್ಕೆ ಸರಿಯುತ್ತಾರೆ, ಒಬ್ಬಳೇ ಹಾಕಬೇಕು ಅಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಇವರು ನಡೆದುಕೊಂಡು ಆಚೆ ಬದಿಗೆ ಹೋಗುತ್ತಿದ್ದರು. ಗೋಡೆಯ ಮೂಲೆಗೆ ಹೋಗಿ, ಎಡ ಭುಜವನ್ನು ಗೋಡೆಗೆ ಒತ್ತಿ ನಿಂತರು. ಈಗ ಲಾರಿ, ಕಂಬ, ಕಟ್ಟೆ ಎಲ್ಲವೂ ಇವರ ಬಲಕ್ಕೆ. ಎಡಕ್ಕೆ ಗೋಡೆ ಬಿಟ್ಟರೆ ಏನೂ ಇಲ್ಲ. ಕೈ ಎತ್ತಿದರು. "ಬಾ."

ಬಂದೆ. ಕಂಬ ಅದರ ಪಾಡಿಗೆ ಪಕ್ಕದಲ್ಲೇ ಹಾದುಹೋಯಿತು. ಕಟ್ಟೆಯ ರಬ್ಬರಿಗೆ ಲಾರಿ ತಾಗಿದ ಸದ್ದೂ ಕೇಳಲಿಲ್ಲ.

ಗೇಟಿನವನು ದಪ್ಪ ರಿಜಿಸ್ಟರ್ ಹಿಡಿದು ಬಂದು ಇವರ ಮುಂದೆ ಒಡ್ಡಿದ, ಡ್ರೈವರ್ ಸಹಿ ಮಾಡಬೇಕು ಅಂತ. ಇವರು ಪೆನ್ನು ಮುಟ್ಟಲಿಲ್ಲ. ನನ್ನ ಕಡೆ ತೋರಿಸಿ, "ಡ್ರೈವರ್ ಅವರು. ಅವರ ಹತ್ತಿರ ಮಾಡಿಸಿ" ಅಂದರು.

ಇಷ್ಟು ವರ್ಷದಲ್ಲಿ "ಅವಳು", "ಇವಳು", "ಏ", "ಬಾರೇ" ಎಲ್ಲ ಕೇಳಿದ್ದೇನೆ. "ಅವರು" ಅಂದದ್ದು ಕೇಳಿರಲಿಲ್ಲ. ಹೊರಗಿನವರ ಮುಂದೆ ಮರ್ಯಾದೆಗೆ ಅಂದಿರಬೇಕು.

ನಾಳೆ ಆರೂವರೆಗೆ ಹೊರಡಬೇಕು. ಹಿಂದಿನ ಟೈರಿನ ಗಾಳಿ ನೋಡಿಸಬೇಕು. ಗಡಿಯಾರ ಅಕ್ಕ ಆರು ಪ್ಯಾಲೆಟ್ ಅಂದಿದ್ದಾರೆ. ಹಿಡಿಯುತ್ತೆ ಅಂದಿದ್ದೇನೆ.